ಗುಡ್ಡ ಕುಸಿದ ಜಾಗದಲ್ಲೊಂದು ಊರು: ಫ್ರಾನ್ಸಿನ ರೋಕ್‌ಫೋರ್

ನೆಲಮಾಳಿಗೆಯ ಗೋಡೆಯಲ್ಲಿ ಒಂದು ಪುಟ್ಟ ಮರದ ಕದ. ಅದನ್ನು ತೆರೆದರೆ ಆಚೆ ಇನ್ನೊಂದು ಕೋಣೆ ಕಾಣುವುದಿಲ್ಲ. ಕಾಣುವುದು ಬಂಡೆಯ ಸೀಳು ಮಾತ್ರ. ಆ ಸೀಳಿನೊಳಗಿನ ಕತ್ತಲಿಂದ ತಣ್ಣನೆಯ, ಒದ್ದೆ ಗಾಳಿ ಬಂದು ಮುಖಕ್ಕೆ ತಾಗುತ್ತದೆ. ಹೊರಗೆ ಜುಲೈ ತಿಂಗಳ ಬಿಸಿಲು ಸುಡುತ್ತಿದ್ದರೂ ಇಲ್ಲಿ ಸ್ವೆಟರ್ ಬೇಕು. ಎ.ಸಿ. ಇಲ್ಲ, ಫ್ಯಾನ್ ಇಲ್ಲ. ಗಾಳಿ ಬರುತ್ತಿರುವುದು ನೇರ ಗುಡ್ಡದ ಹೊಟ್ಟೆಯಿಂದ.

ಈ ನೆಲಮಾಳಿಗೆ ಇರುವುದು ದಕ್ಷಿಣ ಫ್ರಾನ್ಸಿನ ಅವೇರೋನ್ ಜಿಲ್ಲೆಯ ರೋಕ್‌ಫೋರ್-ಸ್ಯೂರ್-ಸೂಲ್ಜೋನ್ ಎಂಬ ಹಳ್ಳಿಯಲ್ಲಿ. ಊರಿನ ಜನಸಂಖ್ಯೆ ಐದಾರು ನೂರು, ಅಷ್ಟೇ. ಆದರೆ ಹೆಸರು ಮಾತ್ರ ಲೋಕಕ್ಕೆಲ್ಲ ಗೊತ್ತು. ದೊಡ್ಡ ಸೂಪರ್‌ಮಾರ್ಕೆಟ್‌ನ ಚೀಸ್ ಕಪಾಟಿನಲ್ಲಿ ನೀಲಿ ನೀಲಿ ಗೆರೆಗಳಿರುವ ಚೀಸ್ ನೋಡಿರುತ್ತೀರಿ ಅಲ್ವಾ? ಆ ಬಗೆಯ ಚೀಸ್‌ಗಳಲ್ಲಿ ಬಹಳ ಹೆಸರಾದದ್ದು ರೋಕ್‌ಫೋರ್. ಊರಿಂದ ಚೀಸ್‌ಗೆ ಹೆಸರು ಬಂತು ಎನ್ನುವುದನ್ನು ಯಾರು ಬೇಕಾದರೂ ಊಹಿಸಬಹುದು. ಆ ಊರಲ್ಲೇ ಯಾಕೆ? ಪಕ್ಕದ ಊರಲ್ಲಿ ಯಾಕಿಲ್ಲ? ಇದಕ್ಕೆ ಉತ್ತರ ಬೇಕೆಂದರೆ ಮೊದಲು ಕಲ್ಲಿನ ವಿಷಯ ಮಾತಾಡಬೇಕು.

ಫ್ರಾನ್ಸಿನ ನಕ್ಷೆಯಲ್ಲಿ ಕೆಳಗಡೆ, ಮೆಡಿಟರೇನಿಯನ್ ಸಮುದ್ರದಿಂದ ಸ್ವಲ್ಪ ಒಳಕ್ಕೆ ಬಂದರೆ ದೊಡ್ಡ ದೊಡ್ಡ ಕಲ್ಲಿನ ಹಾಸುಗಳಂಥ ಪ್ರಸ್ಥಭೂಮಿಗಳು ಸಿಗುತ್ತವೆ. ಅಲ್ಲಿಯವರು ಅವನ್ನು 'ಕೋಸ್' ಎನ್ನುತ್ತಾರೆ. ಅವುಗಳಲ್ಲಿ ದೊಡ್ಡದು ಲಾರ್ಜಾಕ್. ಸುಮಾರು 800 ಮೀಟರ್ ಎತ್ತರದಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಬಯಲು. ಕಲ್ಲು, ಮುಳ್ಳುಪೊದೆ, ಕುರುಚಲು ಹುಲ್ಲು, ಬೀಸುವ ಗಾಳಿ. ಈ ಬಯಲಿನ ಅಂಚಿನಲ್ಲಿ, ಅದರಿಂದ ತುಂಡಾಗಿ ಬೇರೆಯಾದ ಹಾಗೆ, ಕೊಂಬಾಲು ಎಂಬ ಗುಡ್ಡ ನಿಂತಿದೆ. ಎತ್ತರ 791 ಮೀಟರ್. ಅದರ ತಲೆ ಚಪ್ಪಟೆ, ಬದಿಯಲ್ಲಿ ಕಡಿದಾದ ಬಂಡೆ. ಆ ಬಂಡೆಯ ಬುಡಕ್ಕೆ ಅಂಟಿಕೊಂಡ ಹಾಗೆ ರೋಕ್‌ಫೋರ್ ಇದೆ. ಹೆಸರಿನ ಅರ್ಥವೂ ಗಟ್ಟಿ ಬಂಡೆ ಅಂತಲೇ. ಫ್ರಾನ್ಸಿನಲ್ಲಿ ರೋಕ್‌ಫೋರ್ ಎಂಬ ಊರುಗಳು ಬೇರೆಯೂ ಇವೆ. ಅದಕ್ಕೇ ಇದರ ಹೆಸರಿಗೆ ಕೆಳಗೆ ಹರಿಯುವ ಸೂಲ್ಜೋನ್ ಹಳ್ಳದ ಹೆಸರೂ ಸೇರಿದೆ.

ಈಗ ಗುಡ್ಡದ ಒಳಗಿನ ಕಥೆ. ಕೋಟ್ಯಂತರ ವರ್ಷಗಳ ಹಿಂದೆ, ಡೈನೊಸಾರ್‌ಗಳ ಕಾಲದಲ್ಲಿ, ಇದೆಲ್ಲ ಸಮುದ್ರದ ತಳ. ಆ ಸಮುದ್ರದಲ್ಲಿ ಮೊದಲು ಜೇಡಿಮಣ್ಣಿನಂಥ ಮೆತ್ತನೆಯ ಪದರ ಕೂತಿತು. ಅದರ ಮೇಲೆ ಸುಣ್ಣದಕಲ್ಲಿನ ದಪ್ಪ ಪದರ ಕೂತಿತು. ಸಮುದ್ರ ಹಿಂದೆ ಸರಿದು ನೆಲ ಮೇಲೆದ್ದ ಮೇಲೂ ಈ ಜೋಡಣೆ ಹಾಗೇ ಉಳಿಯಿತು: ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆತ್ತನೆಯ ಮಣ್ಣು. ಇದು ನೆಮ್ಮದಿಯ ಜೋಡಣೆ ಅಲ್ಲ. ಸುಣ್ಣದಕಲ್ಲು ನೀರನ್ನು ಹಿಡಿದಿಡುವುದಿಲ್ಲ. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಕೆಳಗಿನ ಜೇಡಿಮಣ್ಣು ಅದನ್ನು ಮುಂದಕ್ಕೆ ಬಿಡುವುದಿಲ್ಲ. ನೀರು ಅಲ್ಲೇ ನಿಂತು ಮಣ್ಣನ್ನು ನೆನೆಸಿ ಜಾರುವ ಹಾಗೆ ಮಾಡುತ್ತದೆ. ನೆನೆದ ಮಣ್ಣಿನ ಮೇಲೆ ಅಷ್ಟು ಭಾರದ ಬಂಡೆ ಎಷ್ಟು ದಿನ ನಿಂತೀತು?

ನಿಲ್ಲಲಿಲ್ಲ. ಮನುಷ್ಯ ಇದನ್ನೆಲ್ಲ ಬರೆದಿಡುವ ಕಾಲಕ್ಕಿಂತ ಎಷ್ಟೋ ಮೊದಲೇ ಕೊಂಬಾಲುವಿನ ಉತ್ತರದ ಅಂಚು ಜಾರಿ ಕೆಳಕ್ಕೆ ಕುಸಿಯಿತು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದವು. ಹಾಗೆ ಬಿದ್ದ ರಾಶಿ ಸುಮಾರು 2 ಕಿಲೋಮೀಟರ್ ಉದ್ದ, 300 ಮೀಟರ್ ಅಗಲ. ರಾಶಿ ಬಿದ್ದ ಕಲ್ಲುಗಳ ನಡುವೆ ಸಂದುಗಳು ಉಳಿದೇ ಉಳಿಯುತ್ತವಲ್ಲ. ಕೆಲವು ಸಂದುಗಳು ಗುಹೆಯಷ್ಟು ದೊಡ್ಡವು. ಕೆಲವು ಕೈ ತೂರುವಷ್ಟು ಕಿರಿದಾಗಿ, ಗುಡ್ಡದ ಒಳಗೆ ಬಹಳ ದೂರ ಹೋಗುವ ಸೀಳುಗಳು. ಈ ಸೀಳುಗಳಿಗೆ ಊರಿನವರು 'ಫ್ಲೂರೀನ್' ಎನ್ನುತ್ತಾರೆ. ನಾವು ಮೊದಲು ನೋಡಿದ ಮರದ ಕದದ ಹಿಂದೆ ಇರುವುದು ಇಂಥದ್ದೇ ಒಂದು.

ಗಾಳಿ ಆಡುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ವಿಷಯ ನಿಂತಿರುವುದು ಅದರ ಮೇಲೆ. ಗುಡ್ಡದ ಒಳಗಿನ ಕಲ್ಲು ವರ್ಷವಿಡೀ ಹೆಚ್ಚೂಕಡಿಮೆ ಒಂದೇ ತಂಪಿನಲ್ಲಿರುತ್ತದೆ. ಬೇಸಿಗೆಯಲ್ಲಿ ಹೊರಗಿನ ಗಾಳಿ ಬಿಸಿ, ಒಳಗಿನದು ತಣ್ಣಗೆ. ತಣ್ಣನೆಯ ಗಾಳಿ ಭಾರ. ಅದು ಸೀಳುಗಳಲ್ಲಿ ಕೆಳಕ್ಕೆ ಇಳಿದು ಬುಡದಲ್ಲಿ ಹೊರಬರುತ್ತದೆ. ಅದರ ಜಾಗಕ್ಕೆ ಮೇಲಿಂದ ಬೇರೆ ಗಾಳಿ ಒಳಸೇರಿ, ಒದ್ದೆ ಕಲ್ಲಿನ ನಡುವೆ ಹಾದು ಅದೂ ತಣ್ಣಗಾಗುತ್ತದೆ, ತೇವ ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಎಲ್ಲ ತಿರುಗುಮುರುಗು. ಹೊರಗಿಗಿಂತ ಒಳಗೇ ಬೆಚ್ಚಗಿರುವುದರಿಂದ ಒಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ, ಕೆಳಗಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವುದೂ ಹೀಗೇ. ಅಡಿಯಲ್ಲಿ ಜೇಡಿಮಣ್ಣು ನೀರು ಹಿಡಿದಿಟ್ಟಿರುವುದರಿಂದ ತೇವಕ್ಕೆ ಕೊರತೆಯಿಲ್ಲ. ಇದೆಲ್ಲ ಸೇರಿ ಆ ನೆಲಮಾಳಿಗೆಗಳಲ್ಲಿ 8ರಿಂದ 12 ಡಿಗ್ರಿ ತಂಪು, ಶೇ 95ರಷ್ಟು ತೇವ. ಗುಡ್ಡದ ಉತ್ತರ ಮಗ್ಗುಲಾದ್ದರಿಂದ ಬಿಸಿಲಿನ ಕಾಟವೂ ಕಡಿಮೆ. ಆಳುವವರು ಬದಲಾದರು, ಕರೆಂಟ್ ಬಂತು, ಫ್ರಿಜ್ ಬಂತು. ಈ ಗಾಳಿ ಮಾತ್ರ ಬದಲಾಗಲಿಲ್ಲ.

ಇಂಥ ಜಾಗದಲ್ಲಿ ಏನು ಚೆನ್ನಾಗಿ ಬೆಳೆಯುತ್ತದೆ? ಬೂಸ್ಟು!

ನಮ್ಮಲ್ಲಿ ಬ್ರೆಡ್ಡಿಗೆ ಬೂಸ್ಟು ಹಿಡಿದರೆ ಎಸೆಯುತ್ತೇವೆ. ರೋಕ್‌ಫೋರ್‌ನಲ್ಲಿ ಬೂಸ್ಟು ಹಿಡಿಯಲಿ ಅಂತಲೇ ಬ್ರೆಡ್ ಸುಡುತ್ತಿದ್ದರು. ರೈ ಧಾನ್ಯದ ಹಿಟ್ಟು ಸೇರಿಸಿದ ದೊಡ್ಡ ದೊಡ್ಡ ಬ್ರೆಡ್. ಹೊರಗೆ ಗಟ್ಟಿ ಸಿಪ್ಪೆ ಬರುವ ಹಾಗೆ, ಒಳಗೆ ಸ್ವಲ್ಪ ಒದ್ದೆಯಾಗೇ ಉಳಿಯುವ ಹಾಗೆ ಸುಟ್ಟು ಗವಿಯಲ್ಲಿ ಇಡುತ್ತಿದ್ದರು. ಒಂದೂವರೆ ಎರಡು ತಿಂಗಳಲ್ಲಿ ಒಳಗಿನ ಮೆತ್ತನೆಯ ಭಾಗವೆಲ್ಲ ನೀಲಿ ಹಸಿರು. ಅದನ್ನು ಒಣಗಿಸಿ, ಪುಡಿ ಮಾಡಿ, ಚೀಸ್‌ಗೆ ಬೆರೆಸುತ್ತಿದ್ದರು. ಈಗ ಹೆಚ್ಚಿನ ಕಡೆ ಪ್ರಯೋಗಾಲಯದಲ್ಲಿ ಬೆಳೆಸಿದ ಬೂಸ್ಟನ್ನೇ ಬಳಸುತ್ತಾರೆ. ಬ್ರೆಡ್ಡಿನ ದಾರಿಯನ್ನೇ ಹಿಡಿದುಕೊಂಡು ಬಂದವರೂ ಇದ್ದಾರೆ. 1906ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಥಾಮ್ ಈ ಬೂಸ್ಟಿಗೆ ಊರಿನದೇ ಹೆಸರಿಟ್ಟರು: ಪೆನಿಸಿಲಿಯಂ ರೋಕ್‌ಫೋರ್ಟಿ. ಔಷಧಿಯಾಗಿ ನಮಗೆ ಗೊತ್ತಿರುವ ಪೆನಿಸಿಲಿನ್ ಕೊಟ್ಟ ಬೂಸ್ಟಿಗೆ ಇದು ನೆಂಟ, ಆದರೆ ಅದೇ ಅಲ್ಲ. ಈಚೆಗೆ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳಿಗೆ ಇನ್ನೊಂದು ಸಂಗತಿ ಕಂಡಿದೆ. ರೋಕ್‌ಫೋರ್ ಚೀಸ್‌ನಲ್ಲಿರುವ ಬೂಸ್ಟಿನ ಕವಲೇ ಬೇರೆ, ಲೋಕದ ಉಳಿದ ನೀಲಿ ಚೀಸ್‌ಗಳಲ್ಲಿರುವ ಕವಲೇ ಬೇರೆ. ಊರಿನವರು ತಮ್ಮದೇ ಬೂಸ್ಟನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದು ಅದರ ವಂಶವಾಹಿಯಲ್ಲೇ ಬರೆದಿದೆ.

ಚೀಸ್ ಆಗುವ ಬಗೆ ಹೀಗಿದೆ. ಕುರಿಯ ಹಸಿ ಹಾಲು. ಕಾಯಿಸುವ ಹಾಗಿಲ್ಲ, ಕೆನೆ ತೆಗೆಯುವ ಹಾಗಿಲ್ಲ. ಹಾಲನ್ನು ಗಟ್ಟಿ ಮಾಡುವ ಹೊತ್ತಿಗೆ ಬೂಸ್ಟನ್ನೂ ಸೇರಿಸಿಬಿಡುತ್ತಾರೆ. ಹೆಪ್ಪಾದದ್ದನ್ನು ಕತ್ತರಿಸಿ, ಅಚ್ಚಿಗೆ ಹಾಕಿ, ನೀರು ಬಸಿದು ಉಪ್ಪು ಸವರುತ್ತಾರೆ. ಇಷ್ಟೆಲ್ಲ ನಡೆಯುವುದು ಸುತ್ತಲಿನ ಡೈರಿಗಳಲ್ಲಿ. ಆಗ ಅದು ಬೆಳ್ಳಗಿನ ಚೀಸ್ ಮಾತ್ರ, ರೋಕ್‌ಫೋರ್ ಅಲ್ಲ. ಸುಮಾರು ಎರಡೂವರೆ ಮೂರು ಕಿಲೋ ತೂಗುವ, ದಪ್ಪ ಡಬ್ಬಿಯ ಆಕಾರದ ಆ ಬಿಳಿ ಉಂಡೆಗಳು ಕೊಂಬಾಲುವಿನ ಬುಡಕ್ಕೆ ಬರುತ್ತವೆ. ಬೂಸ್ಟಿಗೆ ಉಸಿರಾಡಲು ಗಾಳಿ ಬೇಕಲ್ಲ. ಅದಕ್ಕೇ ಪ್ರತಿ ಉಂಡೆಗೂ ಸೂಜಿಗಳಿಂದ ಚುಚ್ಚಿ ತೂತು ಮಾಡುತ್ತಾರೆ. ಆಮೇಲೆ ನೆಲಮಾಳಿಗೆಯ ಓಕ್ ಮರದ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ, ಮಲಗಿಸುವುದಿಲ್ಲ. ತೂತುಗಳಲ್ಲಿ ಗವಿಯ ಗಾಳಿ ಆಡುತ್ತದೆ. ಗಾಳಿ ಹೋದ ದಾರಿಯಲ್ಲೇ ನೀಲಿ ಹಬ್ಬುತ್ತದೆ. ಕನಿಷ್ಠ 14 ದಿನ ಹೀಗೆ ಗವಿಯಲ್ಲಿರಲೇಬೇಕು. ಬಳಿಕ ತವರದ ತೆಳು ಹಾಳೆ ಸುತ್ತಿ ಬೂಸ್ಟಿನ ಓಟಕ್ಕೆ ತಡೆ ಹಾಕುತ್ತಾರೆ, ತಂಪಿನಲ್ಲಿ ನಿಧಾನವಾಗಿ ಮಾಗಲು ಬಿಡುತ್ತಾರೆ. ಒಟ್ಟು 90 ದಿನ ತುಂಬುವ ಮೊದಲು ಮಾರುವಂತಿಲ್ಲ. ಒಂದು ಕಿಲೋ ಚೀಸ್‌ಗೆ ಸುಮಾರು 4.5 ಲೀಟರ್ ಹಾಲು ಬೇಕು.

ಇನ್ನು ಹಾಲಿನ ಕಡೆಗೆ ಬರೋಣ. ಅದಕ್ಕೆ ಮತ್ತೆ ಲಾರ್ಜಾಕ್ ಬಯಲಿಗೆ ಹತ್ತಬೇಕು.

ಅಲ್ಲಿ ಮಳೆ ಬರುವುದಿಲ್ಲ ಅಂತಲ್ಲ. ಬಂದ ಮಳೆ ನಿಲ್ಲುವುದಿಲ್ಲ, ಅದೇ ಕಷ್ಟ. ಬಯಲಿನ ಮೇಲೆ ಹೊಳೆ ಕಾಣುವುದಿಲ್ಲ, ಎಲ್ಲ ನೀರೂ ನೆಲದ ಒಳಗೆ ಹರಿಯುತ್ತದೆ. ಅಲ್ಲಲ್ಲಿ ತಗ್ಗುಗಳಿವೆ. ಅವನ್ನು 'ಸೋಚ್' ಎನ್ನುತ್ತಾರೆ. ಕಲ್ಲು ಕರಗಿ ಉಳಿದ ಕೆಂಪು ಮಣ್ಣು ಅಲ್ಲಿ ಮಾತ್ರ ಕೂತಿದೆ. ಹೊಲ ಅಂತ ಮಾಡಿದರೆ ಬಹುಪಾಲು ಆ ತಗ್ಗಿನಲ್ಲೇ. ಉಳಿದದ್ದೆಲ್ಲ ಮೇಯುವ ನೆಲ. ದನಕ್ಕೆ ಬೇಕಾದಷ್ಟು ಹುಲ್ಲು, ನೀರು ಇಲ್ಲಿಲ್ಲ. ಕುರಿ ಬದುಕುತ್ತದೆ. ಕುರಿಗೆ ನೀರು ಕುಡಿಸಲು ಅಲ್ಲಿಯವರು 'ಲಾವೋನ್ಯ' ಎಂಬ ಹೊಂಡ ಕಟ್ಟಿದರು. ತಟ್ಟೆಯ ಹಾಗೆ ನಿಧಾನವಾಗಿ ಇಳಿಯುವ ದುಂಡನೆಯ ಹೊಂಡ. ತಳಕ್ಕೆ ಜೇಡಿಮಣ್ಣು ಮೆತ್ತಿ, ಗೊರಸು ತುಳಿದು ಮಣ್ಣು ಕಿತ್ತುಬರದ ಹಾಗೆ ಚಪ್ಪಡಿ ಹಾಸಿದ್ದಾರೆ. ಮಂದೆ ಬಂದರೆ ಸುತ್ತಲೂ ನಿಂತು ಒಟ್ಟಿಗೆ ಬಾಯಿ ಹಾಕಬಹುದು. ಲಾ ಕೂವೆರ್ತ್ವಾರಾದ್ ಎಂಬ ಕೋಟೆ ಹಳ್ಳಿಯ ಹೊರಗೆ ಇಂಥ ಒಂದು ಚಂದದ ಹೊಂಡ ಇವತ್ತಿಗೂ ಇದೆ. ನೀರು ನಿಲ್ಲದ ನೆಲದಲ್ಲಿ ನೀರು ನಿಲ್ಲಿಸಿದ ಆ ಹೊಂಡದ ಮುಂದೆ ಕೋಟೆ ಸಪ್ಪೆ ಅಂತ ನನಗನ್ನಿಸುತ್ತದೆ.

ಕೋಟೆ ಅಂದೆನಲ್ಲ. 12ನೇ ಶತಮಾನದಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಗಡ ಲಾರ್ಜಾಕ್‌ನಲ್ಲಿ ನೆಲೆ ಹಾಕಿತು. ಅವರ ಯುದ್ಧ ನಡೆಯುತ್ತಿದ್ದದ್ದು ದೂರದ ಜೆರುಸಲೇಮ್ ಕಡೆ. ಅದಕ್ಕೆ ಬೇಕಾದ ಹಣ, ಕುದುರೆ, ಚರ್ಮ, ಉಣ್ಣೆ ಹೊಂದಿಸಲು ಇಂಥ ಬಯಲುಗಳು ಬೇಕಿದ್ದವು. 1312ರಲ್ಲಿ ಆ ಪಂಗಡವನ್ನು ರದ್ದು ಮಾಡಿದಾಗ ಆಸ್ತಿಯೆಲ್ಲ ಹಾಸ್ಪಿಟಲರ್ ಎಂಬ ಇನ್ನೊಂದು ಪಂಗಡದ ಪಾಲಾಯಿತು. ಒಡೆಯರು ಬದಲಾದರೂ ಕುರಿ ಬದಲಾಗಲಿಲ್ಲ. ಇವತ್ತು ರೋಕ್‌ಫೋರ್‌ಗೆ ಹಾಲು ಕೊಡುವುದು ಲಾಕೋನ್ ಎಂಬ ತಳಿ. ಬಿಳಿ ಮುಖ, ಅಡ್ಡಕ್ಕೆ ಚಾಚಿದ ಉದ್ದ ಕಿವಿ, ಹೊಟ್ಟೆಯ ಕೆಳಗೆ ಕಾಲಿಗೆ ಉಣ್ಣೆ ಇಲ್ಲ. ಕಳೆದ ಅರವತ್ತು ವರ್ಷಗಳಲ್ಲಿ ಅಲ್ಲಿಯ ರೈತರೂ ವಿಜ್ಞಾನಿಗಳೂ ಕೂಡಿ ಒಳ್ಳೆಯ ಕುರಿಗಳನ್ನೇ ಆರಿಸಿ ಸಾಕುತ್ತಾ ಈ ತಳಿಯ ಹಾಲನ್ನು ಮೂರು ಪಟ್ಟಿಗೂ ಜಾಸ್ತಿ ಮಾಡಿದ್ದಾರೆ.

ಕುರಿಯ ಹಾಲು ಚೀಸ್‌ಗೆ ಬೇಕು ಅಂದರೆ ಮರಿಯನ್ನು ಬೇಗ ತಾಯಿಯಿಂದ ಬಿಡಿಸಬೇಕು. ಎಳೆ ಮರಿಗಳ ಚರ್ಮ ಬಲು ನಯ. ಅಲ್ಲೇ ಹತ್ತಿರದ ಪಟ್ಟಣ ಮಿಯೋ ಆ ಚರ್ಮದಿಂದ ಕೈಗವಸು ಹೊಲಿದು ಹೆಸರಾಯಿತು. ಪ್ಯಾರಿಸ್ಸಿನ ಶ್ರೀಮಂತ ಹೆಂಗಸರು ಹಾಕಿಕೊಂಡ ಕೈಗವಸಿಗೂ ಈ ಗವಿಯ ಚೀಸ್‌ಗೂ ನಂಟು ಇರುವುದು ಹೀಗೆ. ಒಂದು ಕಸುಬಿನ ಹಿಂದೆ ಇನ್ನೊಂದು ಕಸುಬು.

ಈ ಚೀಸ್ ಎಷ್ಟು ಹಳೆಯದು? ಊರಿನವರು ಹೇಳುವ ಕಥೆ ಗೊತ್ತಿರುವಂಥದ್ದೇ. ಒಬ್ಬ ಕುರಿಗಾಹಿ ಹುಡುಗ ಗವಿಯಲ್ಲಿ ಕೂತು ಬುತ್ತಿ ಬಿಚ್ಚಿದ್ದನಂತೆ. ದೂರದಲ್ಲಿ ಚೆಂದದ ಹುಡುಗಿಯೊಬ್ಬಳು ಹೋಗುವುದು ಕಂಡಿತಂತೆ. ಬ್ರೆಡ್ಡು, ಚೀಸ್ ಅಲ್ಲೇ ಬಿಟ್ಟು ಓಡಿದವನು ಎಷ್ಟೋ ದಿನ ಬಿಟ್ಟು ಬಂದಾಗ ಚೀಸ್ ತುಂಬ ನೀಲಿ ಗೆರೆ. ಹಸಿವಿಗೆ ತಿಂದ, ರುಚಿ ಹತ್ತಿತು. ಕಥೆಯಾಗಿ ಚೆನ್ನಾಗಿದೆ, ಬ್ರೆಡ್ಡಿನಿಂದ ಬೂಸ್ಟು ಬಂತು ಎನ್ನುವ ನಿಜವೂ ಅದರಲ್ಲಿ ಅಡಗಿದೆ. ಇನ್ನೊಂದು ಮಾತು ಬಹಳ ಕಡೆ ಓಡಾಡುತ್ತದೆ: ರೋಮಿನ ಲೇಖಕ ಪ್ಲಿನಿ 1ನೇ ಶತಮಾನದಲ್ಲೇ ರೋಕ್‌ಫೋರನ್ನು ಹೊಗಳಿದ್ದಾನೆ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಅವನು ಹೇಳಿದ್ದು ನೀಮ್ ಪಟ್ಟಣದ ಕಡೆಯಿಂದ, ಆಚೆಯ ಬೆಟ್ಟಗಳಿಂದ ರೋಮಿಗೆ ಬರುತ್ತಿದ್ದ ಚೀಸ್‌ನ ವಿಷಯ. ರೋಕ್‌ಫೋರ್ ಹೆಸರೇ ಅಲ್ಲಿಲ್ಲ. ಅದೂ ಅಲ್ಲದೆ ಆ ಚೀಸ್ ಹೊಸದಾಗಿದ್ದಾಗ ಮಾತ್ರ ಚೆನ್ನ ಅಂತಾನೆ ಅವನು. ತಿಂಗಳುಗಟ್ಟಲೆ ಗವಿಯಲ್ಲಿ ಮಾಗುವ ಚೀಸ್‌ಗೆ ಆ ಮಾತು ಹೇಗೆ ಹೊಂದುತ್ತದೆ ಹೇಳಿ.

ಕಥೆ ಬಿಟ್ಟು ಕಾಗದಕ್ಕೆ ಬಂದರೆ 1411 ದೊಡ್ಡ ವರ್ಷ. ಆಗಿನ ಫ್ರಾನ್ಸಿನ ಅರಸ ಆರನೇ ಶಾರ್ಲ್. ಈ ಚೀಸನ್ನು ಮಾಗಿಸುವ ಹಕ್ಕು ರೋಕ್‌ಫೋರ್‌ನ ಜನಕ್ಕೆ ಮಾತ್ರ ಅಂತ ಅವನು ಸನ್ನದು ಕೊಟ್ಟ. ಒಂದು ಸಣ್ಣ ಹಳ್ಳಿ, ಒಂದು ತಿನ್ನುವ ವಸ್ತು, ಅದಕ್ಕೊಂದು ಅರಸನ ಮೊಹರು. ಅಲ್ಲಿಂದಾಚೆ ಈ ಊರಿನ ಚರಿತ್ರೆ ಅಂದರೆ ಬಹುಪಾಲು ಆ ಹೆಸರನ್ನು ಕಾಯ್ದುಕೊಂಡ ಚರಿತ್ರೆ. ಬೇರೆ ಕಡೆಯ ನೀಲಿ ಚೀಸನ್ನು ರೋಕ್‌ಫೋರ್ ಅಂತ ಮಾರುವವರು ಆಗಲೂ ಇದ್ದರು. 1666ರಲ್ಲಿ ತುಲೂಸ್‌ನ ಉನ್ನತ ನ್ಯಾಯಾಲಯ ಹಾಗೆ ಮಾರಿದವರಿಗೆ ದಂಡ ಅಂತ ಆಜ್ಞೆ ಹೊರಡಿಸಿತು. 1925ರ ಜುಲೈ 26ರಂದು ಫ್ರಾನ್ಸ್ ಇದಕ್ಕಾಗಿ ಕಾನೂನನ್ನೇ ಮಾಡಿತು. ಹುಟ್ಟಿದ ಊರಿನ ಹೆಸರಿಗೆ ಕಾನೂನಿನ ಕಾವಲು ಸಿಕ್ಕ ಮೊದಲ ಚೀಸ್ ಇದು. ಫ್ರಾನ್ಸಿನ ವೈನ್‌ಗಳಿಗೆ ಈಗಿರುವ ಮೂಲಸ್ಥಾನದ ವ್ಯವಸ್ಥೆ ಬಂದದ್ದು 1935ರಲ್ಲಿ, ಅಂದರೆ ಹತ್ತು ವರ್ಷ ಆದ ಮೇಲೆ.

ಆದರೂ ಒಂದು ತಕರಾರು ಉಳಿದಿತ್ತು. ರೋಕ್‌ಫೋರ್ ಅಂದರೆ ಕುರಿ ಹಾಲಿನ ನೀಲಿ ಚೀಸ್ ಅಂತಲೋ, ಈ ಗುಡ್ಡದಲ್ಲಿ ಮಾಗಿದ್ದು ಅಂತಲೋ? ಹಾಲು, ಬೂಸ್ಟು, ಕೆಲಸದ ಬಗೆ ಇವನ್ನು ಬೇರೆ ಕಡೆಗೂ ಒಯ್ಯಬಹುದು. 1961ರಲ್ಲಿ ಮಿಯೋದ ನ್ಯಾಯಾಲಯ ಇದನ್ನು ಬಗೆಹರಿಸಿತು. ಕೊಂಬಾಲುವಿನ ಕುಸಿದ ಬಂಡೆಗಳ ನಡುವಿನ ಗವಿಗಳಲ್ಲಿ ಮಾಗಿದ್ದಕ್ಕೆ ಮಾತ್ರ ಆ ಹೆಸರು. ಲಕ್ಷಾಂತರ ವರ್ಷಗಳ ಭೂಗರ್ಭದ ಕಥೆಯೊಂದು ಕೋರ್ಟಿನ ತೀರ್ಪಿನಲ್ಲಿ ಗಡಿರೇಖೆ ಆಯಿತು ನೋಡಿ. ಗೆರೆಯ ಆಚೆ ಇದ್ದರೆ ಎಷ್ಟೇ ಚೆನ್ನಾಗಿ ಮಾಡಿದರೂ ಅದು ರೋಕ್‌ಫೋರ್ ಅಲ್ಲ. ಬ್ರ್ಯಾಂಡ್ ಅನ್ನುವುದು ಎಲ್ಲಿ ಬೇಕಾದರೂ ಹೋಗಬಲ್ಲದು. ಈ ಹೆಸರು ಹೋಗಲಾರದು, ಗುಡ್ಡ ಅಲ್ಲೇ ಇದೆ. ಅದಕ್ಕೇ ನನಗೆ ಈ ಊರು ಇಷ್ಟು ಮುಖ್ಯ ಅನ್ನಿಸುವುದು.

19ನೇ ಶತಮಾನದಲ್ಲಿ ಊರಿನ ಚಹರೆ ಬದಲಾಯಿತು. 1842ರಲ್ಲಿ ಗವಿಗಳ ಮಾಲೀಕರು ಸೇರಿ ಕಂಪನಿ ಕಟ್ಟಿದರು. ರೈಲು ಹತ್ತಿರ ಬಂತು. ಬೇಡಿಕೆ ಏರಿದ ಹಾಗೆ ಸೀಳುಗಳನ್ನು ಸೇರಿಸಿಕೊಂಡು ನೆಲದ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ನೆಲಮಾಳಿಗೆ ತೋಡಿದರು. ಸುತ್ತಲಿನ ಹಾಲು ಸಾಲದೆ ಕಾರ್ಸಿಕಾ ದ್ವೀಪದಿಂದಲೂ ಬಿಳಿ ಚೀಸ್ ಹಡಗಿನಲ್ಲಿ ಬಂದು ಇಲ್ಲಿ ಮಾಗಿದ ಕಾಲವಿತ್ತು. ಈಗ ಹಾಗಿಲ್ಲ, ಗೊತ್ತುಪಡಿಸಿದ ಸುತ್ತಲಿನ ಸೀಮೆಯ ಹಾಲೇ ಆಗಬೇಕು.

ಆ ನೆಲಮಾಳಿಗೆಗಳಲ್ಲಿ ದುಡಿದವರು ಹೆಂಗಸರು. ಅವರನ್ನು 'ಕಬಾನಿಯೇರ್' ಎನ್ನುತ್ತಿದ್ದರು. ಮಾಗಿಸುವ ಗವಿಗೆ ಅಲ್ಲಿಯ ಮಾತಿನಲ್ಲಿ 'ಕಬಾನ್', ಅದರಿಂದ ಬಂದ ಹೆಸರು. ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗಿಯರು, ಕಾಲಿಗೆ ಮರದ ಪಾದರಕ್ಷೆ, ಮೈಮೇಲೆ ದಪ್ಪ ಬಟ್ಟೆ. ಅಷ್ಟು ತಂಪಿನಲ್ಲಿ, ಅಷ್ಟು ತೇವದಲ್ಲಿ, ದೀಪದ ಮಬ್ಬು ಬೆಳಕಿನಲ್ಲಿ ಇಡೀ ದಿನ ಚೀಸ್ ಹೊರುವುದು, ಉಪ್ಪು ಸವರುವುದು, ತಿರುಗಿಸಿ ಇಡುವುದು, ಮೇಲೆ ಕಟ್ಟಿದ ಲೋಳೆಯನ್ನು ಚಾಕುವಿನಿಂದ ಕೆರೆಯುವುದು. ಅರಸನ ಸನ್ನದಿನ ವಿಷಯ ಎಲ್ಲರೂ ಬರೆಯುತ್ತಾರೆ. ಈ ಕೈಗಳ ವಿಷಯ ಬರೆಯುವವರು ಕಡಿಮೆ. ಬಂಡೆ, ಗಾಳಿ, ಬೂಸ್ಟು ಎಲ್ಲ ಇದ್ದರೂ ಇವರಿಲ್ಲದೆ ಒಂದು ಉಂಡೆಯೂ ಪೇಟೆಗೆ ಹೋಗುತ್ತಿರಲಿಲ್ಲ.

20ನೇ ಶತಮಾನದ ದೊಡ್ಡ ಅಧ್ಯಾಯ ನಡೆದದ್ದು ಊರಿನ ಮೇಲಿನ ಬಯಲಲ್ಲಿ. 1971ರಲ್ಲಿ ಫ್ರಾನ್ಸ್ ಸರ್ಕಾರ ಲಾರ್ಜಾಕ್‌ನ ಸೇನಾ ಶಿಬಿರವನ್ನು 3,000 ಹೆಕ್ಟೇರ್‌ನಿಂದ 17,000 ಹೆಕ್ಟೇರ್‌ಗೆ ದೊಡ್ಡದು ಮಾಡುತ್ತೇವೆ ಎಂದಿತು. ದೂರದ ಪ್ಯಾರಿಸ್ಸಿನಿಂದ ನೋಡಿದವರಿಗೆ ಅದು ಸುಮ್ನೆ ಬಿದ್ದಿರುವ ಬರಡು ನೆಲ. ಅಲ್ಲಿರುವವರಿಗೆ ಅದು ರೋಕ್‌ಫೋರ್‌ಗೆ ಹಾಲು ಕೊಡುವ ಮೇವಿನ ಬಯಲು. 1972ರ ಮಾರ್ಚ್‌ನಲ್ಲಿ ಲಾನ್ಸಾ ದೆಲ್ ವಾಸ್ತೊ ಎಂಬ ಹಿರಿಯರು ಅಲ್ಲಿಗೆ ಬಂದು 15 ದಿನ ಉಪವಾಸ ಕೂತರು. ಇವರು 1930ರ ದಶಕದಲ್ಲಿ ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿ ಜೊತೆ ಇದ್ದವರು. ಗಾಂಧೀಜಿ ಇವರಿಗೆ ಶಾಂತಿದಾಸ ಎಂದು ಹೆಸರಿಟ್ಟಿದ್ದರು. ಅದೇ ತಿಂಗಳ 28ರಂದು 103 ರೈತರು ನಮ್ಮ ಭೂಮಿ ಬಿಟ್ಟುಕೊಡುವುದಿಲ್ಲ ಎಂದು ಸಹಿ ಹಾಕಿದರು.

ಆ ಸಹಿಯನ್ನು ಅವರು ಹೆಚ್ಚೂಕಡಿಮೆ ಹತ್ತು ವರ್ಷ ಉಳಿಸಿಕೊಂಡರು. ಯಾರ ಮೇಲೂ ಕೈ ಮಾಡಲಿಲ್ಲ. 1972ರ ಅಕ್ಟೋಬರ್‌ನಲ್ಲಿ ಕುರಿಗಳನ್ನು ಪ್ಯಾರಿಸ್ಸಿಗೆ ಒಯ್ದು ಐಫೆಲ್ ಗೋಪುರದ ಬುಡದಲ್ಲಿ ಮೇಯಲು ಬಿಟ್ಟರು. ಟ್ರ್ಯಾಕ್ಟರ್ ಏರಿ ರಾಜಧಾನಿಯ ಕಡೆ ಹೊರಟರು, ಆಮೇಲೆ ನಡೆದುಕೊಂಡೇ ಹೋದರು. ಲಾ ಬ್ಲಾಕಿಯೇರ್ ಎಂಬಲ್ಲಿ ಪರವಾನಗಿ ಇಲ್ಲದೆಯೇ, ದೇಶದ ಮೂಲೆಮೂಲೆಯಿಂದ ಬಂದವರ ಶ್ರಮದಾನದಲ್ಲಿ, ಕಲ್ಲಿನ ದೊಡ್ಡ ಕುರಿಹಟ್ಟಿ ಕಟ್ಟಿದರು. ಸರ್ಕಾರ ತೆಗೆದುಕೊಳ್ಳುತ್ತೇನೆ ಎಂದ ನೆಲದಲ್ಲಿ ಹಟ್ಟಿ ಕಟ್ಟುವುದು ಅಂದರೆ ಎಂಥ ಗಟ್ಟಿತನ! 1981ರಲ್ಲಿ ಮಿತೆರಾಂ ಅಧ್ಯಕ್ಷರಾದರು, ಯೋಜನೆ ರದ್ದಾಯಿತು. ಸೇನೆಗೆಂದು ಸರ್ಕಾರ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ನೆಲವನ್ನು ರೈತರೇ ಸೇರಿ ನಡೆಸುವ ಸಂಘಕ್ಕೆ 1985ರಲ್ಲಿ ದೀರ್ಘ ಗೇಣಿಗೆ ಕೊಟ್ಟರು. ಅಲ್ಲಿ ಭೂಮಿ ಯಾರೊಬ್ಬರ ಸ್ವಂತವೂ ಅಲ್ಲ. ಉಳುವವರಿಗೆ, ಕುರಿ ಕಾಯುವವರಿಗೆ ದುಡಿಯುವಷ್ಟು ಕಾಲ ಹಕ್ಕು.

ಆ ಹೋರಾಟದ ಕಾಲದಲ್ಲಿ ಬಂದು ಬಯಲಲ್ಲೇ ನೆಲೆ ನಿಂತವರಲ್ಲಿ ಜೋಸೆ ಬೋವೆ ಒಬ್ಬರು. ಕುರಿ ಸಾಕಿದರು, ರೈತ ಸಂಘಟನೆ ಕಟ್ಟಿದರು. ಇಲ್ಲಿ ನಮ್ಮ ಕರ್ನಾಟಕದ ಒಂದು ಎಳೆಯೂ ಬಂದು ಸೇರುತ್ತದೆ. 1999ರ ಬೇಸಿಗೆಯಲ್ಲಿ ಭಾರತದ ನೂರಾರು ರೈತರು ಯುರೋಪಿನ ದೇಶ ದೇಶ ಸುತ್ತಿದರು. ಆ ಜಾಥಾ ಹೊರಡಿಸಿದ್ದರಲ್ಲಿ ಮುಂದಾಳು ಕರ್ನಾಟಕ ರಾಜ್ಯ ರೈತ ಸಂಘದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ. ಬೆಂಗಳೂರಿನಲ್ಲಿ 1996ರಲ್ಲಿ ಕೆಂಟಕಿ ಚಿಕನ್ ಅಂಗಡಿಯ ಮೇಲೆ ರೈತ ಸಂಘದವರು ನುಗ್ಗಿದ್ದು ಹಿರಿಯರಿಗೆ ನೆನಪಿರಬಹುದು. 1999ರ ಜೂನ್ 5ರಂದು ಮೊಂಪೆಲಿಯೆ ನಗರದ ಸಂಶೋಧನಾ ಕೇಂದ್ರವೊಂದರಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಬೋವೆ ಮತ್ತು ಜೊತೆಗಾರರು ನಾಶ ಮಾಡಿದಾಗ ಭಾರತದ ರೈತರೂ ಅವರೊಂದಿಗಿದ್ದರು.

ಅದಾದ ಮರು ತಿಂಗಳೇ ರೋಕ್‌ಫೋರ್‌ಗೆ ಪೆಟ್ಟು ಬಿತ್ತು. ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ಕೊಳ್ಳುವುದಿಲ್ಲ ಎಂದಿತ್ತು. ಅದಕ್ಕೆ ಪ್ರತಿಯಾಗಿ ಅಮೆರಿಕ ಯುರೋಪಿನ ಹಲವು ಸರಕುಗಳ ಮೇಲೆ ಶೇ 100 ಸುಂಕ ಹೇರಿತು. ಪಟ್ಟಿಯಲ್ಲಿ ರೋಕ್‌ಫೋರ್ ಇತ್ತು. ದನದ ಮಾಂಸದ ಜಗಳಕ್ಕೆ ಕುರಿ ಹಾಲು ಕರೆಯುವವರು ದಂಡ ತೆರಬೇಕಾಯಿತು. ಆಗಸ್ಟ್ 12ರಂದು ಬೋವೆ ಮತ್ತು ರೈತರು ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಕಳಚಿ ಹಾಕಿದರು. ಬೋವೆ ಜೈಲಿಗೆ ಹೋದರು. 2000ದ ಜೂನ್ ಕೊನೆಗೆ ಮಿಯೋದಲ್ಲಿ ವಿಚಾರಣೆ ನಡೆದಾಗ ಸಾವಿರಾರು ಜನ ಆ ಪುಟ್ಟ ಪಟ್ಟಣಕ್ಕೆ ಬಂದು ತುಂಬಿಕೊಂಡರು. ಸುಂಕದ ಕತ್ತಿ ಅಷ್ಟಕ್ಕೇ ಒರೆಗೆ ಹೋಗಲಿಲ್ಲ. 2009ರ ಜನವರಿಯಲ್ಲಿ ಅಮೆರಿಕ ಅದನ್ನು ಶೇ 300ಕ್ಕೆ ಏರಿಸುವುದಾಗಿ ಸಾರಿತು. ಅದೇ ವರ್ಷದ ಮೇ ತಿಂಗಳಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದದ್ದರಿಂದ ಅದು ಜಾರಿಯಾಗಲಿಲ್ಲ.

2011ರಲ್ಲಿ ಈ ಕೋಸ್ ಬಯಲುಗಳನ್ನೂ ಪಕ್ಕದ 'ಸೆವೆನ್' (Cévennes) ಎಂಬ ಹೆಸರಿನ ಬೆಟ್ಟಗಳನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಣ ಕೋಟೆ ಅಲ್ಲ, ಅರಮನೆ ಅಲ್ಲ. ಕುರಿ ಮೇಯಿಸುತ್ತಾ ಜನ ರೂಪಿಸಿದ ನೆಲ ಅಂತ. ಹೊಂಡ, ಹಟ್ಟಿ, ಕಾಲುದಾರಿ, ಕಲ್ಲಿನ ಬೇಲಿ ಇವೆಲ್ಲ ಆ ಲೆಕ್ಕದಲ್ಲಿವೆ.

ಊರಿನ ಒಳಗೆ ಇವತ್ತು ನಡೆದರೆ ಒಂದೇ ಉದ್ದನೆಯ ಬೀದಿ, ಬಂಡೆಗೆ ಒತ್ತಿ ನಿಂತ ಎತ್ತರದ ಕಟ್ಟಡಗಳು. ಚೀಸ್ ಕಂಪನಿಗಳು ಏಳು. ಅದರಲ್ಲಿ ಒಂದು ಬಹಳ ದೊಡ್ಡದು, ಉಳಿದವು ಚಿಕ್ಕವು. ಕೆಲಸಕ್ಕೆ ಬರುವವರಲ್ಲಿ ಎಷ್ಟೋ ಜನ ಸುತ್ತಲಿನ ಊರುಗಳವರು. ಸಂಜೆಯಾದರೆ ಮನೆಗೆ ಹೊರಡುತ್ತಾರೆ. ಬಂಡೆಯ ಬುಡ, ಬಿಸಿಲು ಕಮ್ಮಿ, ಮನೆ ಕಟ್ಟಲು ಸಮ ನೆಲ ಇಲ್ಲ. ಚೀಸ್‌ಗೆ ಒಳ್ಳೆಯದಾದ ಜಾಗ ಸಂಸಾರಕ್ಕೆ ಅಷ್ಟೇನೂ ಅನುಕೂಲ ಅಲ್ಲ. ಹಾಗಾಗಿ ಊರಿನ ಜನಸಂಖ್ಯೆ ಇಳಿಯುತ್ತಾ ಬಂದಿದೆ.

ನೆಲದ ಕೆಳಗೆ ಮಾತ್ರ ಹಲಗೆಗಳು ಖಾಲಿ ಇಲ್ಲ. ಮಾಗಿಸುವ ಮೇಸ್ತ್ರಿ ಸಾಲಿನಿಂದ ಒಂದು ಉಂಡೆ ತೆಗೆದು, ಕೊಳವೆಯಂಥ ಸಲಾಕೆಯನ್ನು ಚುಚ್ಚಿ ತಿರುಗಿಸಿ ಎಳೆಯುತ್ತಾನೆ. ಬೆರಳಿನಷ್ಟು ಚೀಸ್ ಅದರಲ್ಲಿ ಸಿಕ್ಕಿ ಹೊರಬರುತ್ತದೆ. ಬೆಳಕಿಗೆ ಹಿಡಿದು ನೀಲಿ ಎಷ್ಟು ದೂರ ಹಬ್ಬಿದೆ ನೋಡುತ್ತಾನೆ, ಮೂಗಿಗೆ ಹಿಡಿಯುತ್ತಾನೆ, ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಉಳಿದದ್ದನ್ನು ಹಾಗೇ ತೂತಿಗೆ ತೂರಿಸಿ ಬೆರಳಿನಿಂದ ಒತ್ತಿ ಮುಚ್ಚುತ್ತಾನೆ. ಆಮೇಲೆ ಗೋಡೆಯ ಆ ಪುಟ್ಟ ಕದದ ಹತ್ತಿರ ಹೋಗಿ ಇವತ್ತು ಎಷ್ಟು ತೆರೆಯಬೇಕೋ ಅಷ್ಟು ತೆರೆದಿಡುತ್ತಾನೆ.